ಕರಗಿದೆ, ಪಪ್ಪಾ

ಕಾಪು ಪೇಟೆಯಲ್ಲಿ ಸುಟ್ಟುಹೋದ ಪಂಪುಗಳ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ ಜೇಮ್ಸ್ ಕ್ಯಾಸ್ತೆಲಿನೊ ಅವರದ್ದು. ಮನೆ ಶಿರ್ವದಲ್ಲಿ. ಅಂಗಡಿ ಹೊಟ್ಟೆಪಾಡಿಗೆ, ಮನಸ್ಸೆಲ್ಲ ಟ್ರಂಪೆಟ್ಟಿನಲ್ಲಿ. ಮದುವೆಗೂ ಮರಣಕ್ಕೂ ಹೋಗುವ ಊರಿನ ಬ್ಯಾಂಡಿನಲ್ಲಿ ಅವರು ಮೀಸೆ ಚಿಗುರಿದಾಗಿನಿಂದ ಮುಂದಿನ ಸಾಲಿನವರು. ಸತ್ತವರನ್ನು ಮನೆಯಿಂದ ಊರಿನ ಚರ್ಚಿಗೆ, ಇಗರ್ಜಿಗೆ, ಒಯ್ಯುವಾಗ ಜೇಮ್ಸ್ ಊದಿದರೆ ಅಳದವರೂ ಅಳುತ್ತಾರೆ ಎಂದು ಜನ ಹೇಳುತ್ತಿದ್ದರು. ಆ ಮಾತು ಕೇಳಿದಾಗ ಅವರು ಕೆಮ್ಮಿದ ಹಾಗೆ ಮಾಡಿ ಬೇರೆ ಕಡೆ ನೋಡುತ್ತಿದ್ದರು.

ಐವತ್ತೆಂಟರ ವಯಸ್ಸಿನ ಸುಮಾರಿಗೆ ಒಂದು ಮದುವೆಯಲ್ಲಿ ಅವರಿಗೆ ಉದ್ದದ ಸ್ವರವೊಂದನ್ನು ಕೊನೆಯವರೆಗೆ ಎಳೆಯಲು ಆಗಲಿಲ್ಲ. ಎದೆ ಬಿಗಿಯಿತು. ಅಂಗಡಿಯಲ್ಲಿ ಮೋಟಾರು ಎತ್ತುವಾಗ ಆಗೊಮ್ಮೆ ಈಗೊಮ್ಮೆ ಹಾಗೆ ಆಗುವುದು ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಸ್ವರ ತಪ್ಪಿದ್ದನ್ನು ಮಾತ್ರ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಮನೆಗೆ ಬಂದವರೇ ಮಗಳನ್ನು ಕರೆದು ಹೇಳಿದರು.

ಮಗಳು ಶಾರ್ಲೆಟ್, ಮನೆಯವರಿಗೆ ಶಾಲಿ, ಆಗ ಉಡುಪಿಯ ಒಂದು ಹೃದಯದ ಆಸ್ಪತ್ರೆಯಲ್ಲಿ ಟೆಕ್ನಿಷಿಯನ್ ಆಗಿ ಸೇರಿ ಎರಡು ವರ್ಷವಾಗಿತ್ತು. ರಕ್ತನಾಳಕ್ಕೆ ಬಣ್ಣದ ದ್ರವ ಬಿಟ್ಟು ಚಿತ್ರ ತೆಗೆಯುವ ಕ್ಯಾಥ್ ಲ್ಯಾಬಿನಲ್ಲಿ ಅವಳ ಕೆಲಸ. ಮರುದಿನವೇ ತಂದೆಯನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಹೃದಯದ ಮುಂಭಾಗದ ದೊಡ್ಡ ನಾಳದಲ್ಲಿ ಒಂದು ಕಡೆ ಮುಕ್ಕಾಲಿಗಿಂತ ಹೆಚ್ಚು ಮುಚ್ಚಿಹೋಗಿತ್ತು.

"ನಾಳ ತೆರೆದಿಡುವ ಸಣ್ಣ ಜಾಲರಿ, ಸ್ಟೆಂಟ್ ಹಾಕಬೇಕು. ಎರಡು ಬಗೆ ಉಂಟು," ಎಂದರು ಡಾಕ್ಟರ್ ಯಶ್ವಂತ್. "ಒಂದು ಲೋಹದ್ದು, ಹಾಕಿದರೆ ಜೀವನಪೂರ್ತಿ ಒಳಗೇ ಇರುತ್ತದೆ. ಇನ್ನೊಂದು ಹೊಸತು. ನಾಳ ಗಟ್ಟಿಯಾಗುವವರೆಗೆ ಆಧಾರ ಕೊಟ್ಟು, ಎರಡು ಮೂರು ವರ್ಷದಲ್ಲಿ ತಾನೇ ಕರಗಿಹೋಗುತ್ತದೆ. ಎರಡೂ ನಿಮಗೆ ಆಗುತ್ತದೆ. ಆಲೋಚಿಸಿ ಹೇಳಿ."

ಜೇಮ್ಸ್‌ಗೆ ಲೋಹದ್ದೇ ಸರಿ ಎನಿಸಿತ್ತು. "ಎಲ್ಲರಿಗೂ ಹಾಕಿದ್ದು ನನಗೂ ಸಾಕು," ಎಂದರು. ಪಟ್ಟು ಹಿಡಿದವಳು ಶಾರ್ಲೆಟ್. ಕೆಲವೇ ವಾರಗಳ ಹಿಂದೆ ಈ ಕರಗುವ ಸ್ಟೆಂಟಿನ ಬಗ್ಗೆ ಮಣಿಪಾಲದಲ್ಲಿ ನಡೆದ ಸೆಮಿನಾರಿಗೆ ಅವಳು ಹೋಗಿದ್ದಳು. ನಾಳದ ಒಳಗಿನಿಂದಲೇ ಬೆಳಕು ಹಾಯಿಸಿ ತೆಗೆದ ಚಿತ್ರಗಳನ್ನು ಅಲ್ಲಿ ಪರದೆಯ ಮೇಲೆ ತೋರಿಸಿದ್ದರು. ಹಾಕಿದ ಹೊಸತರಲ್ಲಿ ಸ್ಟೆಂಟಿನ ಎಳೆಗಳು ನಾಳದ ಗೋಡೆಯ ಸುತ್ತ ಸಣ್ಣ ಸಣ್ಣ ಕಪ್ಪು ಚೌಕಗಳು. ವರ್ಷ ಕಳೆದ ಹಾಗೆ ಅವು ಮಾಸುತ್ತ ಹೋಗಿ, ಕೊನೆಯ ಚಿತ್ರದಲ್ಲಿ ಏನೂ ಇಲ್ಲ, ಬರಿ ನುಣುಪಾದ ನಾಳ. ಸಭೆಯಲ್ಲಿ ಯಾರೋ ಮೆಲ್ಲನೆ ಚಪ್ಪಾಳೆ ತಟ್ಟಿದ್ದರು. ಅವಳೂ ತಟ್ಟಿದ್ದಳು.

"ಕರಗಿದ ಮೇಲೆ ಒಂದು ಮಾತ್ರೆ ನಿಲ್ಲಿಸಬಹುದು ಪಪ್ಪಾ. ಒಳಗೆ ಎಂತದೂ ಉಳಿಯುವುದಿಲ್ಲ. ನಿಮ್ಮ ನಾಳ ಮೊದಲಿನ ಹಾಗೇ."

"ಮೊದಲಿನ ಹಾಗೇ?"

"ಹೌದು."

ತಾಯಿ ಇಮೆಲ್ಡಾ ಇಬ್ಬರ ಮುಖವನ್ನೂ ನೋಡಿದರು. ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಕೆಲಸದಲ್ಲಿರುವ ಮಗ ಜೋವಿನ್‌ಗೆ ಫೋನ್ ಮಾಡಿದಾಗ ಅವನೂ, "ಶಾಲಿ ಅಲ್ಲೇ ಇದ್ದಾಳಲ್ಲ, ಅವಳು ಹೇಳಿದ ಹಾಗೆ ಮಾಡಿ," ಎಂದ. ಜೇಮ್ಸ್ ಸಹಿ ಹಾಕಿದರು.

ಎದೆಯ ಬಿಗಿತ ಹೋಯಿತು. ಆದರೆ ಇನ್ನೊಂದು ತೊಂದರೆ ಬಂತು. ರಕ್ತ ಹೆಪ್ಪುಗಟ್ಟದ ಹಾಗೆ ತೆಗೆದುಕೊಳ್ಳುವ ಎರಡು ಮಾತ್ರೆಗಳಿಂದ ಅವರ ತುಟಿ ಒಡೆದರೆ ರಕ್ತ ನಿಲ್ಲುತ್ತಿರಲಿಲ್ಲ. ಟ್ರಂಪೆಟ್ಟಿನ ಬಾಯಿ ತುಟಿಗೆ ಒತ್ತಿ ಎರಡು ಹಾಡು ಊದುವಷ್ಟರಲ್ಲಿ ಬಿಳಿ ಯೂನಿಫಾರ್ಮಿನ ಕಾಲರಿನ ಮೇಲೆ ಕೆಂಪು ಹನಿ. ಒಮ್ಮೆ ವಧುವಿನ ತಾಯಿ ನೋಡಿ ಗಾಬರಿಯಾದರು. ಆಮೇಲೆ ಜೇಮ್ಸ್ ತಾವಾಗಿಯೇ ಹಿಂದಿನ ಸಾಲಿಗೆ ಹೋದರು. ಮುಂದಿನ ಸಾಲಿಗೆ ಅವರೇ ಕಲಿಸಿದ ಡ್ಯಾರಿಲ್ ಬಂದ. ಹಿಂದೆ ನಿಂತು ನಾಲ್ಕು ಸ್ವರ ಊದುವುದು, ಕರ್ಚೀಫಿನಿಂದ ತುಟಿ ಒತ್ತಿಕೊಳ್ಳುವುದು, ಸುಮ್ಮನೆ ನಡೆಯುವುದು.

"ಮೂರು ವರ್ಷ ಮಾರಾಯ," ಎಂದು ಡ್ಯಾರಿಲ್‌ಗೆ ಹೇಳುತ್ತಿದ್ದರು. "ಒಳಗಿದ್ದದ್ದು ಕಲ್ಲುಸಕ್ಕರೆ ಹಾಗೆ ಕರಗುತ್ತದಂತೆ. ಮಾತ್ರೆ ನಿಲ್ಲಿಸಿದ ದಿನ ನಿನ್ನ ಜಾಗ ಖಾಲಿ ಮಾಡಿಸುತ್ತೇನೆ ನೋಡು."

ಮೂರು ವರ್ಷ ತುಂಬುತ್ತ ಬರುವ ಹೊತ್ತಿಗೆ ಬೇರೆ ಸುದ್ದಿ ಬರತೊಡಗಿತ್ತು. ಹೊರದೇಶಗಳಲ್ಲಿ ಕೆಲವರಿಗೆ ಆ ಸ್ಟೆಂಟ್ ಅಂದುಕೊಂಡ ಹಾಗೆ ಕರಗಿರಲಿಲ್ಲ. ಒಳಗೇ ಮುರಿದು, ತಡವಾಗಿ ರಕ್ತ ಹೆಪ್ಪುಗಟ್ಟಿದ್ದೂ ಉಂಟು. ಅದನ್ನು ಹಾಕುವುದೇ ನಿಂತುಹೋಗಿತ್ತು. ಹಾಕಿಸಿಕೊಂಡವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಒಳಗಿನಿಂದ ಚಿತ್ರ ತೆಗೆದು ನೋಡಬೇಕು ಎಂದು ಡಾಕ್ಟರ್ ಯಶ್ವಂತ್ ತೀರ್ಮಾನಿಸಿದರು. ಇದೆಲ್ಲ ಶಾರ್ಲೆಟ್‌ಗೆ ತಿಳಿದಿತ್ತು. ಮನೆಯಲ್ಲಿ ಅವಳು ಹೇಳಿದ್ದು ಇಷ್ಟೇ: "ಮೂರು ವರ್ಷ ಆಯಿತಲ್ಲ ಪಪ್ಪಾ, ಒಮ್ಮೆ ನೋಡಬೇಕಂತೆ."

ಜೇಮ್ಸ್ ಹೊಸ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಬಂದರು.

ಮಣಿಕಟ್ಟಿನ ಹತ್ತಿರ ಮಾತ್ರ ಮರಗಟ್ಟಿಸಿ, ಅಲ್ಲಿಂದ ತೆಳ್ಳಗಿನ ನಳಿಗೆಯನ್ನು ಹೃದಯದವರೆಗೆ ತೂರಿಸುತ್ತಾರೆ. ರೋಗಿಗೆ ಎಚ್ಚರ ಇರುತ್ತದೆ. ಚಿತ್ರ ತೆಗೆಯುವ ಯಂತ್ರದ ಹತ್ತಿರ ಶಾರ್ಲೆಟ್ ನಿಂತಿದ್ದಳು. ತಂದೆಯ ಪಾಳಿಗೆ ಬೇರೆಯವರು ನಿಲ್ಲಲಿ ಎಂದು ಡಾಕ್ಟರ್ ಹೇಳಿದ್ದರು. ತಾನೇ ನಿಲ್ಲುತ್ತೇನೆ ಎಂದು ಅವಳು ಕೇಳಿಕೊಂಡಿದ್ದಳು. ಬೆಳಕಿನ ತಂತಿ ನಾಳದೊಳಗೆ ಹಿಂದಕ್ಕೆ ಸರಿಯುತ್ತಿದ್ದ ಹಾಗೆ ಪರದೆಯ ಮೇಲೆ ಅಡ್ಡಸೀಳಿನ ಚಿತ್ರಗಳು ಒಂದರ ಹಿಂದೆ ಒಂದು ಮೂಡಿದವು.

ಕಪ್ಪು ಚೌಕಗಳು ಹಾಗೆಯೇ ಇದ್ದವು. ಕೆಲವು ಮಾಸಿದ್ದವು, ಹೌದು. ಆದರೆ ನಡುವೆ ಒಂದು ಕಡೆ ಅವು ಗೋಡೆ ಬಿಟ್ಟು, ಸಾಲು ತಪ್ಪಿ, ರಕ್ತ ಹರಿಯುವ ದಾರಿಯ ಮಧ್ಯಕ್ಕೆ ಚಾಚಿಕೊಂಡಿದ್ದವು. ಸೆಮಿನಾರಿನಲ್ಲಿ ಅಂಥ ಚಿತ್ರ ತೋರಿಸಿರಲಿಲ್ಲ.

"ಇನ್ನೊಮ್ಮೆ ಎಳೆಯುವ," ಎಂದರು ಡಾಕ್ಟರ್ ತಗ್ಗಿದ ಸ್ವರದಲ್ಲಿ.

ಎರಡನೆಯ ಸಲವೂ ಅದೇ. ಜೇಮ್ಸ್ ತಲೆ ಹೊರಳಿಸಿ ಪರದೆಯ ಕಡೆ ನೋಡುತ್ತಿದ್ದರು. ಅವರಿಗೆ ಅದು ಬೂದು ಬಣ್ಣದ ವೃತ್ತ, ಅಷ್ಟೆ. ಆದರೆ ಯಾರೂ ಮಾತಾಡದೆ ಇದ್ದದ್ದು ಅವರಿಗೆ ಗೊತ್ತಾಯಿತು. ಎದೆಬಡಿತ ಎಣಿಸುವ ಯಂತ್ರದ ಸದ್ದು ಬೇಗ ಬೇಗ ಆಗತೊಡಗಿತು.

"ಎಂತ ಆಯಿತು ಶಾಲಿ?" ಎಂದು ಕೊಂಕಣಿಯಲ್ಲಿ ಕೇಳಿದರು. "ಕರಗಿತಾ?"

ಶಾರ್ಲೆಟ್ ಅವರ ಹಣೆಯ ಮೇಲೆ ಕೈ ಇಟ್ಟಳು. "ಕರಗಿದೆ, ಪಪ್ಪಾ. ನೀವು ಅಲುಗಾಡಬೇಡಿ."

ಡಾಕ್ಟರ್ ಯಶ್ವಂತ್ ಅವರ ಮನೆಮಾತು ತುಳು. ಕೊಂಕಣಿ ಅವರಿಗೆ ಬಾರದು. ತಂದೆಗೆ ಮಗಳು ಧೈರ್ಯ ಹೇಳುತ್ತಿದ್ದಾಳೆ ಎಂದಷ್ಟೇ ಅವರು ತಿಳಿದರು. ಜೇಮ್ಸ್ ಕಣ್ಣು ಮುಚ್ಚಿದರು. ಬಡಿತದ ಸದ್ದು ನಿಧಾನವಾಯಿತು.

ಹೊರಗೆ ಡಾಕ್ಟರ್ ಅವಳಿಗೆ ವಿವರಿಸಿದರು: ರಕ್ತ ಚೆನ್ನಾಗಿ ಹರಿಯುತ್ತಿದೆ, ಈಗ ಕೈ ಹಾಕುವ ಅಗತ್ಯವಿಲ್ಲ. ಆದರೆ ಚಾಚಿಕೊಂಡ ತುಂಡುಗಳ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಉಂಟು. ಎರಡೂ ಮಾತ್ರೆ ಒಂದು ದಿನವೂ ತಪ್ಪಬಾರದು. ವರ್ಷ ಬಿಟ್ಟು ಪುನಃ ನೋಡುವ. ಅಷ್ಟರಲ್ಲಿ ಬ್ರಹ್ಮಾವರದ ಕಡೆಯಿಂದ ಹೃದಯಾಘಾತವಾದ ಒಬ್ಬರನ್ನು ತಂದರು. "ನೀನೇ ತಂದೆಗೆ ಸರಿಯಾಗಿ ಹೇಳು ಶಾರ್ಲೆಟ್, ಎಲ್ಲ ನೋಡಿದ್ದೀಯಲ್ಲ," ಎಂದು ಅವರು ಒಳಗೆ ಓಡಿದರು.

ಅವಳು ವಾರ್ಡಿಗೆ ಬಂದಾಗ ಜೇಮ್ಸ್ ಫೋನಿನಲ್ಲಿದ್ದರು. "ಪೂರಾ ಹೋಗಿದೆಯಂತೆ ಡ್ಯಾರಿಲ್. ಶಾಲಿಯೇ ನೋಡಿ ಹೇಳಿದ್ದು." ಇಮೆಲ್ಡಾ ಕಿಟಕಿಯ ಹತ್ತಿರ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಮಾತ್ರೆ ಎರಡೂ ಮುಂದುವರಿಸಬೇಕಂತೆ ಪಪ್ಪಾ," ಎಂದಳು ಶಾರ್ಲೆಟ್.

"ಯಾಕೆ? ಕರಗಿದ್ದಲ್ವಾ?"

ಆಗ ಹೇಳಬಹುದಿತ್ತು. ಟೇಬಲ್ ಮೇಲೆ ನೀವು ಹೆದರಬಾರದು ಅಂತ ಹಾಗೆ ಹೇಳಿದೆ, ಪೂರಾ ಕರಗಿಲ್ಲ ಎಂದರೆ ಮುಗಿಯುತ್ತಿತ್ತು. ಅವಳು ತಾಯಿಯನ್ನು ನೋಡಿದಳು, ತಂದೆಯ ಮುಖ ನೋಡಿದಳು. "ಒಂದು ಎಚ್ಚರಿಕೆಗೆ," ಎಂದಳು. "ಡಾಕ್ಟರ್ ಹೇಳಿದ್ದಾರೆ. ನಿಲ್ಲಿಸಬೇಡಿ."

ಆದಿತ್ಯವಾರ ಸಾವಕಾಶವಾಗಿ ಕೂತು ಹೇಳುವುದೆಂದು ಅಂದುಕೊಂಡಳು. ಆದಿತ್ಯವಾರ ಪೂಜೆ ಮುಗಿಸಿ ಬ್ಯಾಂಡಿನವರೆಲ್ಲ ಮನೆಗೇ ಬಂದರು. ಇಮೆಲ್ಡಾ ಸನ್ನಾಸ್ ಬೇಯಿಸಿ ಕೋಳಿ ಸಾರು ಮಾಡಿದ್ದರು. ಜೇಮ್ಸ್ ಅಂಗಳದಲ್ಲಿ ಕುರ್ಚಿ ಹಾಕಿಸಿ, ಟ್ರಂಪೆಟ್ಟಿಗೆ ಎಣ್ಣೆ ಬಿಟ್ಟು, ಎಲ್ಲರನ್ನೂ ನಗಿಸುತ್ತಿದ್ದರು. ಆಮೇಲಿನ ವಾರ ಅವಳಿಗೆ ಸಂಬಂಧ ನೋಡಲು ಬಂದರು. ಹಾಗೆ ದಿನಗಳು ದಾಟಿದವು. ಮಾತ್ರೆಯನ್ನಂತೂ ಅವಳೇ ತಿಂಗಳು ತಿಂಗಳು ತಂದುಕೊಡುತ್ತಿದ್ದಳು. ಅವರು ತೆಗೆದುಕೊಂಡು ಕಪಾಟಿನಲ್ಲಿ ಇಡುತ್ತಿದ್ದರು. ಮಾತ್ರೆ ನಡೆಯುತ್ತಿದ್ದರೆ ಉಳಿದದ್ದು ಹೇಳದಿದ್ದರೂ ತೊಂದರೆ ಇಲ್ಲ ಎಂದು ಅವಳು ತನಗೇ ಸಮಾಧಾನ ಮಾಡಿಕೊಂಡಳು.

ಆ ಮಳೆಗಾಲ ಕಳೆದ ಮೇಲೆ ಕೆಮ್ಮಣ್ಣು ಎಂಬ ಊರಿನಲ್ಲಿ ಅವರ ಸಂಬಂಧಿಕರಾದ ರೋಸಲಿನ್ ಎಂಬ ಮುದುಕಿ ತೀರಿಕೊಂಡರು. ಹೊಳೆಬದಿಯ ದಾರಿಯಲ್ಲಿ ಮೆರವಣಿಗೆ ಇಗರ್ಜಿಯ ಕಡೆ ನಡೆಯಿತು. ಜೇಮ್ಸ್ ಮುಂದಿನ ಸಾಲಿನಲ್ಲಿದ್ದರು. ದಾರಿಯುದ್ದಕ್ಕೂ ಊದಿದರು. ಎಲ್ಲೂ ನಿಲ್ಲಲಿಲ್ಲ, ಕರ್ಚೀಫು ತೆಗೆಯಲಿಲ್ಲ. ತೆಂಗಿನ ತೋಟಗಳ ನಡುವೆ ಆ ಸ್ವರ ಹೊಳೆಯ ಆಚೆ ದಡಕ್ಕೂ ಕೇಳಿಸಿರಬೇಕು. ದೋಣಿಯಲ್ಲಿದ್ದವರು ಎದ್ದು ನಿಂತರು. ಶಾರ್ಲೆಟ್ ಹಿಂದಿನಿಂದ ಅಳುತ್ತ ನಡೆದಳು, ಅದು ಸಂತೋಷಕ್ಕೋ ಸಾವಿಗೋ ಅವಳಿಗೇ ತಿಳಿಯಲಿಲ್ಲ. ತಂದೆಯ ಕಾಲರ್ ಕೊನೆಯವರೆಗೂ ಬೆಳ್ಳಗೇ ಇತ್ತು.

ದಿನವೂ ಆಸ್ಪತ್ರೆಯಲ್ಲಿ ಇಂಥ ರೋಗಿಗಳನ್ನೇ ನೋಡುವವಳು. ಆ ಮಾತ್ರೆಗಳಿಗೆ ಎಷ್ಟು ರಕ್ತ ಬರುತ್ತದೆ ಎಂದು ಬಲ್ಲವಳು. ಆದರೂ ಅಂದು ಅವಳಿಗೆ ಹೊಳೆಯಲಿಲ್ಲ. ಅಥವಾ ಹೊಳೆದದ್ದನ್ನು ಅವಳು ಒಳಗೆ ಬಿಟ್ಟುಕೊಳ್ಳಲಿಲ್ಲ.

ಫೆಬ್ರವರಿಯಲ್ಲಿ ಕಾರ್ಕಳದಲ್ಲಿ ಮದುವೆ. ಜೇಮ್ಸ್‌ರ ಅಕ್ಕ ಬರ್ತಾ ಅವರ ಮಗಳು ಜೆನಿಫರ್‌ಳದ್ದು. ಸ್ವಂತ ಸೋದರಸೊಸೆಯ ಮದುವೆ ಎಂದು ಜೇಮ್ಸ್ ಹಿಂದಿನ ವಾರವಿಡೀ ಅಭ್ಯಾಸ ಮಾಡಿದ್ದರು. ಶಾರ್ಲೆಟ್‌ಗೆ ಡ್ಯೂಟಿ ಇತ್ತು, ಮಧ್ಯಾಹ್ನದ ಊಟಕ್ಕೆ ಬರುತ್ತೇನೆ ಎಂದಿದ್ದಳು. ಇಗರ್ಜಿಯಿಂದ ಮದುವೆಯ ಹಾಲ್‌ಗೆ ಮದುಮಕ್ಕಳನ್ನು ಬ್ಯಾಂಡು ಕರೆದುಕೊಂಡು ಹೋಗುತ್ತಿತ್ತು. ಬಿಸಿಲು ಜೋರಾಗಿತ್ತು. ಹಾಲ್‌ನ ಮೆಟ್ಟಿಲ ಹತ್ತಿರ ಬಂದಾಗ ಜೇಮ್ಸ್ ಊದುವುದನ್ನು ನಿಲ್ಲಿಸಿ, ಟ್ರಂಪೆಟ್ಟನ್ನು ಡ್ಯಾರಿಲ್ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಕೂತರು. ಬೆವರಿನಿಂದ ಅಂಗಿ ಮೈಗೆ ಅಂಟಿತ್ತು.

"ನೀನು ಊದು ಮಾರಾಯ," ಎಂದರು. "ಮದುಮಕ್ಕಳು ಒಳಗೆ ಹೋಗಲಿ. ನಿಲ್ಲಿಸಬೇಡ."

ಡ್ಯಾರಿಲ್ ಊದಲಿಲ್ಲ. ಮದುಮಕ್ಕಳನ್ನು ತಂದಿದ್ದ ಹೂವಿನ ಕಾರಿನಲ್ಲೇ ಜೇಮ್ಸ್‌ರನ್ನು ಮಣಿಪಾಲಕ್ಕೆ ಸಾಗಿಸಿದ.

ಶಾರ್ಲೆಟ್ ಉಡುಪಿಯಿಂದ ಓಡಿಬರುವಷ್ಟರಲ್ಲಿ ಮಣಿಪಾಲದ ವೈದ್ಯರು ಹೆಪ್ಪು ತೆಗೆದು, ಹಳೆಯ ಸ್ಟೆಂಟಿನ ಜಾಗದಲ್ಲೇ ಲೋಹದ ಸ್ಟೆಂಟ್ ಹಾಕಿ ಆಗಿತ್ತು. ಜೀವ ಉಳಿಯಿತು. ಆದರೆ ಕಾರ್ಕಳದಿಂದ ಬರುವ ಹೊತ್ತಿನಲ್ಲಿ ಹೃದಯದ ಮುಂಭಾಗದ ಸ್ನಾಯು ಬಹಳಷ್ಟು ಸತ್ತುಹೋಗಿತ್ತು.

ಮರುದಿನ ಬೆಳಗ್ಗೆ ಅಲ್ಲಿನ ಡಾಕ್ಟರಮ್ಮ ರೌಂಡಿಗೆ ಬಂದರು. "ಮಾತ್ರೆ ಎರಡೂ ತೆಗೆದುಕೊಳ್ಳುತ್ತಿದ್ದಿರಾ?"

"ಹೌದು ಡಾಕ್ಟ್ರೇ, ತಪ್ಪಿಸಿಲ್ಲ," ಎಂದರು ಇಮೆಲ್ಡಾ.

"ಇಲ್ಲ," ಎಂದರು ಜೇಮ್ಸ್. ಅವರ ಸ್ವರ ತೀರಾ ಸಣ್ಣದಾಗಿತ್ತು. "ಒಂದನ್ನು ಬಿಟ್ಟಿದ್ದೆ. ಹೋದ ವರ್ಷದಿಂದ."

"ಯಾಕೆ ಬಿಟ್ಟದ್ದು? ಬಿಡಲೇಬಾರದಿತ್ತು ನೀವು."

"ಒಳಗಿನದು ಕರಗಿದೆ ಅಂತ ನಂಬಿದ್ದೆ."

"ಯಾರು ಹೇಳಿದ್ದು ಕರಗಿದೆ ಅಂತ?"

ಶಾರ್ಲೆಟ್ ಮಂಚದ ಕಾಲ ಬಳಿ ನಿಂತಿದ್ದಳು. ಜೇಮ್ಸ್ ಅವಳನ್ನು ಒಮ್ಮೆ ನೋಡಿದರು. ಸಿಟ್ಟಿನ ನೋಟವಲ್ಲ. ಕಾಯುವವರ ನೋಟ. ಅವಳು ಕಣ್ಣು ತಗ್ಗಿಸಿದಳು. ಇಮೆಲ್ಡಾ ಅಲ್ಲೇ ಇದ್ದರು, ಬರ್ತಾ ಇದ್ದರು, ಮದುವೆಯ ಸೀರೆ ಕಳಚಿ ಬಂದಿದ್ದ ಜೆನಿಫರ್ ಇದ್ದಳು.

"ಯಾರೂ ಹೇಳಲಿಲ್ಲ," ಎಂದರು ಜೇಮ್ಸ್. "ನಾನೇ ತಪ್ಪು ಕೇಳಿಸಿಕೊಂಡಿರಬೇಕು."

ಡಾಕ್ಟರಮ್ಮ ತಲೆ ಅಲ್ಲಾಡಿಸಿ ಮುಂದಿನ ಮಂಚಕ್ಕೆ ಹೋದರು.

ಮನೆಗೆ ಬಂದ ಮೇಲೆ ಜೇಮ್ಸ್ ಕಾಪುವಿನ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟರು. ಇಗರ್ಜಿಯ ಗುಡ್ಡ ಹತ್ತಲು ಆಗದೆ ಆದಿತ್ಯವಾರ ರಿಕ್ಷಾದಲ್ಲಿ ಹೋಗುವುದು ರೂಢಿಯಾಯಿತು. ಟ್ರಂಪೆಟ್ ಊದಲು ಒಮ್ಮೆ ಪ್ರಯತ್ನಿಸಿದರು. ಎರಡು ಸ್ವರಕ್ಕೇ ಉಸಿರು ಮುಗಿದು ಕೆಮ್ಮು ಬಂತು. ಬ್ಯಾಂಡಿನವರು ಬಿಡಲಿಲ್ಲ, ಕೈಗೆ ಕಂಚಿನ ದೊಡ್ಡ ತಾಳ ಕೊಟ್ಟರು. ನಡೆಯಲಾಗದ್ದರಿಂದ ಅವರು ಇಗರ್ಜಿಯ ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂತು, ಮೆರವಣಿಗೆ ಹತ್ತಿರ ಬಂದಾಗ ಅಲ್ಲಿಂದಲೇ ತಾಳ ಹಾಕುತ್ತಿದ್ದರು. ಒಂದು ವರ್ಷ ಹಾಗೆ ಮಾಡಿ, ಆಮೇಲೆ ಅದನ್ನೂ ಬಿಟ್ಟರು.

ಶಾರ್ಲೆಟ್‌ಗೆ ಮದುವೆಯಾಯಿತು, ಉಡುಪಿಯಲ್ಲೇ ಮನೆ ಮಾಡಿದಳು. ತಂದೆಯನ್ನು ಮಣಿಪಾಲಕ್ಕೆ ತಪಾಸಣೆಗೆ ಕರೆದೊಯ್ಯುವುದು ಅವಳೇ. ಹೇಳಬೇಕೆಂದು ಪ್ರತಿ ಸಲವೂ ಅಂದುಕೊಂಡೇ ಕಾರು ಹತ್ತುತ್ತಿದ್ದಳು. ಆರು ವರ್ಷ ಹಾಗೇ ಹೋಯಿತು.

ಈ ವರ್ಷ ಹೃದಯದ ಸ್ಕ್ಯಾನ್ ಮಾಡಿ ನೋಡಿದ ಡಾಕ್ಟರಮ್ಮ, ಬಡಿತ ತಪ್ಪಿದರೆ ಒಳಗಿನಿಂದಲೇ ಸರಿಪಡಿಸುವ ಒಂದು ಸಾಧನವನ್ನು ಎದೆಯ ಚರ್ಮದ ಕೆಳಗೆ ಕೂರಿಸಿದರೆ ಒಳ್ಳೆಯದು ಎಂದರು. ಜೇಮ್ಸ್ ಎಲ್ಲ ಕೇಳಿಕೊಂಡು, "ಆಲೋಚಿಸಿ ಹೇಳುತ್ತೇನೆ," ಎಂದರು.

ಹಿಂದೆ ಬರುವಾಗ ಕಟಪಾಡಿಯ ಹತ್ತಿರ ವಾಹನಗಳು ಸಾಲುಗಟ್ಟಿ ನಿಂತಿದ್ದವು.

"ಎಂತ ಅನಿಸುತ್ತದೆ ಪಪ್ಪಾ? ಹಾಕಿಸುವುದಾ?"

"ಜೋವಿನ್ ಹತ್ತಿರ ಕೇಳಿ ನೋಡುತ್ತೇನೆ."

ಅವಳಿಗೆ ಚುಚ್ಚಿದ ಹಾಗಾಯಿತು. "ಜೋವಿನ್‌ಗೆ ಇದೆಲ್ಲ ಎಂತ ಗೊತ್ತು? ನಾನು ಇಲ್ಲೇ ಇದ್ದೇನಲ್ಲ."

ಜೇಮ್ಸ್ ಕಿಟಕಿಯ ಹೊರಗೆ ನೋಡುತ್ತ ಕೂತರು. ಮುಂದಿದ್ದ ಮೀನಿನ ಲಾರಿಯಿಂದ ನೀರು ಸೋರುತ್ತಿತ್ತು. ಈ ಆರು ವರ್ಷಗಳಲ್ಲಿ ತಂದೆ ತನ್ನನ್ನು ಒಂದು ಮಾತ್ರೆಯ ಬಗ್ಗೆ, ಒಂದು ರಿಪೋರ್ಟಿನ ಬಗ್ಗೆ ಕೂಡ ಏನೂ ಕೇಳಿರಲಿಲ್ಲ ಎಂಬುದು ಅವಳಿಗೆ ಆಗ ತಟ್ಟಿತು. ಡಾಕ್ಟರಲ್ಲಿ ಕೇಳಿದ್ದರು, ಮೆಡಿಕಲ್ ಶಾಪಿನ ಸುಂದರನಲ್ಲಿ ಕೇಳಿದ್ದರು. ಅವಳಲ್ಲಿ ಇಲ್ಲ.

"ಪಪ್ಪಾ, ಆವತ್ತು ಕರಗಿರಲಿಲ್ಲ," ಎಂದಳು. "ನಾನು ನೋಡಿದ್ದೆ. ಮುರಿದು ನಿಂತಿತ್ತು. ನೀವು ಹೆದರುತ್ತೀರಿ ಅಂತ ಸುಳ್ಳು ಹೇಳಿದೆ. ಆಮೇಲೆ ಸರಿ ಮಾಡಬೇಕಿತ್ತು. ಮಾಡಲಿಲ್ಲ."

"ಗೊತ್ತುಂಟು."

"ಯಾವಾಗಿನಿಂದ?"

"ವಾರ್ಡಿನಲ್ಲಿ ಡಾಕ್ಟರಮ್ಮ ಕೇಳಿದಾಗ ನಿನ್ನ ಮುಖ ನೋಡಿದೆನಲ್ಲ. ಆಗಲೇ." ಅವರು ಮೊಣಕಾಲ ಮೇಲಿದ್ದ ಫೈಲನ್ನು ಸರಿಮಾಡಿಕೊಂಡರು. "ಮಾತ್ರೆ ಬಿಟ್ಟದ್ದು ನನ್ನ ತಪ್ಪು. ಬಿಡಬೇಡಿ ಅಂತ ನೀನು ಹೇಳಿದ್ದೆ. ತುಟಿ ಒಡೆಯದೆ ಊದುವ ಆಸೆಗೆ ಬಿಟ್ಟೆ. ಅದರಲ್ಲಿ ನಿನ್ನದು ಇಲ್ಲ."

"ಮತ್ತೆ ಯಾಕೆ ನೀವು ಒಂದು ಮಾತು ಕೇಳಲಿಲ್ಲ?"

"ನೀನು ಹೇಳುತ್ತಿ ಅಂತ ಕಾದೆ. ಸಂಜೆ ಹೇಳಿಯಾಳು ಅಂದುಕೊಂಡೆ. ಮನೆಗೆ ಹೋದ ಮೇಲೆ ಹೇಳಿಯಾಳು ಅಂದುಕೊಂಡೆ." ಅವರಿಗೆ ಉಸಿರು ಸಾಲದೆ ಒಂದು ಕ್ಷಣ ನಿಲ್ಲಿಸಿದರು. "ಕೋಪ ಇರಲಿಲ್ಲ ಶಾಲಿ. ಆಮೇಲೆ ನಿನ್ನ ಹತ್ತಿರ ಏನನ್ನೂ ಕೇಳಬೇಕು ಅಂತ ಅನಿಸಲಿಲ್ಲ, ಅಷ್ಟೆ."

"ಈಗ ಹೇಳಿದೆನಲ್ಲ ಪಪ್ಪಾ."

"ಹೌದು. ಈಗ ಹೇಳಿದೆ."

ಹಿಂದಿನ ಬಸ್ಸು ಹಾರ್ನ್ ಹೊಡೆಯಿತು; ಲಾರಿ ಚಲಿಸಿತ್ತು. ಅವಳು ಗೇರ್ ಹಾಕಿದಳು. ಶಿರ್ವದ ರಸ್ತೆಗೆ ತಿರುಗಿದ ಮೇಲೆ ಅವರು ಒಂದೇ ಮಾತು ಆಡಿದರು: "ಮಮ್ಮಿಗೆ ಹೇಳಬೇಡ. ಅವಳಿಗೆ ಇದನ್ನು ತಡೆದುಕೊಳ್ಳಲು ಆಗುವುದಿಲ್ಲ."

ಸಂಜೆ ಜೇಮ್ಸ್ ಜಗಲಿಯಲ್ಲಿ ಕೂತು ಮಸ್ಕತ್ತಿಗೆ ಫೋನ್ ಮಾಡಿದರು. ಡಾಕ್ಟರಮ್ಮ ಹೇಳಿದ ಸಾಧನ ಎಂಥದ್ದೆಂದು ಮಗನಿಗೆ ವಿವರಿಸುತ್ತಿದ್ದರು. ಅದು ಹೃದಯವನ್ನು ಮೊದಲಿನ ಹಾಗೆ ಬಲವಾಗಿ ಬಡಿಸುತ್ತದೆ, ಹಾಕಿದರೆ ಗುಡ್ಡ ಹತ್ತಬಹುದು ಎಂದು ಹೇಳುತ್ತಿದ್ದರು. ಅದು ಹಾಗಲ್ಲ. ಶಾರ್ಲೆಟ್ ಅಡುಗೆಮನೆಯಿಂದ ಬಾಗಿಲವರೆಗೆ ಬಂದು ನಿಂತಳು. ಜೇಮ್ಸ್ ತಲೆಯೆತ್ತಿ ಅವಳನ್ನು ಕಂಡರು, ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು ಮಾತು ಮುಂದುವರಿಸಿದರು.

"ಶಾಲಿ, ಕಾಯಿ ತುರಿದುಕೊಡು," ಎಂದು ಒಳಗಿನಿಂದ ಇಮೆಲ್ಡಾ ಕರೆದರು. ಅವಳು ಹೋಗಿ ತುರಿಯಲು ಕೂತಳು.